ಅರದಳದ ಬಣ್ಣ: ನಿಘಂಟೊ, ವ್ಯಾಕರಣವೊ?

ಸುಳ್ಯ ಸೀಮೆಯ ಐವರ್ನಾಡು ಮೊದಲಾದ ಗ್ರಾಮಗಳು ತುಳುನಾಡಿನ ದೈವಾರಾಧನೆಯ ಕ್ಷೇತ್ರಕ್ಕೆ ಸೇರಿದವು. ಕೋಲ ಕಟ್ಟುವವನ ಮೈಬಣ್ಣವು ಇಲ್ಲಿ ಒಂದೇ ರಾತ್ರಿಯಲ್ಲಿ ಮಾರ್ಪಡುತ್ತದೆ. ಈ ವರ್ಣಗಳೂ ರೇಖೆಗಳೂ ಒಂದು ಪವಿತ್ರ ಭಾಷೆ, ಒಂದೊಂದು ಬಣ್ಣಕ್ಕೂ ಗೊತ್ತಾದ ಒಂದೊಂದು ಅರ್ಥವುಂಟು ಎಂಬ ಮಾತು ಆಗಾಗ ಕೇಳಿಬರುತ್ತದೆ. ಇದು ಭಾಷೆಯೆಂಬುದನ್ನು ಒಪ್ಪಬಹುದು. ಆದರೆ ನಿಘಂಟನ್ನು ತೆರೆದಂತೆ ಇದನ್ನು ಓದಬಹುದೆಂಬ ಅಭಿಪ್ರಾಯವು ವಿಚಾರಕ್ಕೆ ನಿಲ್ಲುವುದಿಲ್ಲ.

ವರ್ಣಗಳಿಗೆ ನಿಯತಾರ್ಥವನ್ನು ಕಲ್ಪಿಸುವ ಪದ್ಧತಿಯು ಬಹು ಹಳೆಯದು. ನಾಟ್ಯಶಾಸ್ತ್ರದ ಆರನೆಯ ಅಧ್ಯಾಯದಲ್ಲಿ ಶೃಂಗಾರಕ್ಕೆ ಶ್ಯಾಮವೂ ರೌದ್ರಕ್ಕೆ ರಕ್ತವೂ ಅದ್ಭುತಕ್ಕೆ ಪೀತವೂ ವಿಹಿತವಾಗಿವೆ. ಯಕ್ಷಗಾನದ ಬಣ್ಣದ ವೇಷದಲ್ಲಿಯೂ ಚುಟ್ಟಿಯನ್ನು ಕಂಡೊಡನೆ ಪ್ರೇಕ್ಷಕನು ರಾಕ್ಷಸನನ್ನು ಗುರುತಿಸುತ್ತಾನೆ. ಈ ಕ್ರಮವನ್ನು ಕೋಲಕ್ಕೆ ಅನ್ವಯಿಸಿದರೆ ತೊಡಕು ತಲೆದೋರುತ್ತದೆ. ಪಂಜುರ್ಲಿಗೂ ಜುಮಾದಿಗೂ ಸಾಮಾನ್ಯವಾಗಿ ಅರದಳದ ಹಳದಿಯೇ ನೆಲವರ್ಣ. ಅದರ ಮೇಲೆ ಕಪ್ಪು, ಕೆಂಪು, ಬಿಳುಪುಗಳ ರೇಖೆಗಳು ಬರುತ್ತವೆ. ಕಥೆಯೂ ಸ್ವಭಾವವೂ ಬೇರೆಯಾದ ದೈವಗಳಿಗೆ ಒಂದೇ ಹಳದಿಯು ಸಲ್ಲುವುದಾದರೆ ಅದು ದೈವದ ಹೆಸರೂ ಅಲ್ಲ, ರಸದ ಹೆಸರೂ ಅಲ್ಲ.

ಹಾಗಾದರೆ ಬಣ್ಣವು ಮಾಡುವ ಕೆಲಸವಾವುದು? ಉತ್ತರವು ವಿಧಿಯ ಅನುಕ್ರಮದಲ್ಲಿದೆ. ಕೋಲ ಕಟ್ಟುವವನು ಮೊದಲು ಎಣ್ಣೆಬೂಳ್ಯವನ್ನು ಸ್ವೀಕರಿಸುತ್ತಾನೆ; ಬಳಿಕ ಅರದಳವನ್ನು ಹಚ್ಚಿಕೊಳ್ಳುವಾಗ ಅವನ ಮನೆಯ ಹೆಂಗಸರು ತೆಂಬರೆಯನ್ನು ನುಡಿಸುತ್ತ ಆ ದೈವದ ಪಾಡ್ದನವನ್ನು ಹಾಡುತ್ತಾರೆ; ಆಮೇಲೆ ಗಗ್ಗರ, ಅಣಿ, ಕಡೆಗೆ ನುಡಿ. ನುಡಿಯಲ್ಲಿ ‘ನಾನು’ ಎಂಬ ಪದವು ಆ ಮನುಷ್ಯನನ್ನು ಸೂಚಿಸದೆ ದೈವವನ್ನೇ ಸೂಚಿಸುತ್ತದೆ. ಪ್ರಥಮಪುರುಷದಲ್ಲಿ ‘ಅದು’ ಎಂದು ಹೇಳಿಸಿಕೊಳ್ಳುತ್ತಿದ್ದ ದೈವವು ಉತ್ತಮಪುರುಷದಲ್ಲಿ ‘ನಾನು’ ಎಂದು ಮಾತನಾಡುವಂತಾಗುವ ಸಂಧಿಯಲ್ಲಿ ಬಣ್ಣವು ನಿಂತಿದೆ. ಯಕ್ಷಗಾನದ ಬಣ್ಣವು ಬಂದವನು ಯಾರೆಂಬುದನ್ನು ತಿಳಿಸಿದರೆ, ಕೋಲದ ಬಣ್ಣವು ಇನ್ನು ಮುಂದೆ ಮಾತನಾಡುವವರು ಯಾರೆಂಬುದನ್ನು ನಿಶ್ಚಯಿಸುತ್ತದೆ. ಇದು ವ್ಯಾಕರಣದ ಕಾರ್ಯವೇ ಹೊರತು ನಿಘಂಟಿನದಲ್ಲ.

ಸುಳ್ಯದಲ್ಲಿ ವಿಷ್ಣುಮೂರ್ತಿಯ ಒತ್ತೆಕೋಲದ ಮೂಲಕ ಪರಿಚಿತವಾದ ಮಲೆಯಾಳ ಸಂಪ್ರದಾಯವು ಈ ಮಾತಿಗೆ ಪೋಷಕವಾಗಿದೆ. ಕಾಸರಗೋಡಿನಿಂದ ತೆಂಕಣಕ್ಕೆ ಹಬ್ಬಿರುವ ತೆಯ್ಯದಲ್ಲಿ ಮುಖದ ಬಣ್ಣಗಾರಿಕೆಗೆ ‘ಮುಖತ್ತೆಳುತ್ತ್’, ಎಂದರೆ ಮುಖದ ಬರಹ, ಎಂದೇ ಹೆಸರು. ಅಲ್ಲಿಯ ರೇಖಾಬಂಧಗಳಿಗೆ ಬೇರೆ ಬೇರೆ ಹೆಸರುಗಳಿವೆ. ಆದುದರಿಂದ ನಿಘಂಟಿನ ಪಕ್ಷಕ್ಕೆ ಅಲ್ಲಿ ಹೆಚ್ಚು ಬಲವುಂಟೆಂದು ಒಪ್ಪಬೇಕು. ಆದರೂ ಮಲಗಿದವನ ಮುಖದ ಮೇಲೆ ಮತ್ತೊಬ್ಬನು ಬರೆದು ಮುಗಿಸಿದಾಗ ಕಾರ್ಯವು ಮುಗಿಯುವುದಿಲ್ಲ. ಕಿರೀಟಧಾರಣೆಯಾದ ಮೇಲೆ ಅವನು ಕನ್ನಡಿಯಲ್ಲಿ ತನ್ನ ಮುಖವನ್ನು ನೋಡಬೇಕು. ಅಲ್ಲಿ ಕಾಣುವುದು ದೈವದ ಮುಖ. ಬರಹದ ಮೊದಲನೆಯ ಓದುಗನು ಅದನ್ನು ಧರಿಸಿದವನೇ.

ಪಾಡ್ದನಗಳು ಗ್ರಂಥಸ್ಥವಾದಾಗ ಈ ಅಂಶವು ಸಹಜವಾಗಿಯೇ ಹೊರಗುಳಿಯಿತು. ಮ್ಯಾನರನು ಸಂಗ್ರಹಿಸಿದ ‘ಪಾಡ್ದನೊಳು’ 1886ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಲ್ಲಿ ಅಚ್ಚಾಯಿತು. ಬರ್ನೆಲನ ಸಂಗ್ರಹವು ಅವನು ತೀರಿಕೊಂಡ ಬಳಿಕ, 1894ರಿಂದ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಬೆಳಕು ಕಂಡಿತು. ಇವುಗಳಿಂದಾದ ಉಪಕಾರವು ದೊಡ್ಡದು. ಆದರೆ ಅಲ್ಲಿ ಉಳಿದುದು ಮಾತು. ಮಾತಿಗೆ ಅಧಿಕಾರವಿತ್ತ ಬಣ್ಣವಲ್ಲ. ಈಗಿನ ಛಾಯಾಚಿತ್ರಗಳಲ್ಲಿ ಲೋಪವು ತಿರುಗುಮುರುಗಾಗಿದೆ: ಬಣ್ಣವಿದೆ, ನುಡಿಯಿಲ್ಲ.

ಈ ಭೇದವು ಕೇವಲ ಪಾಂಡಿತ್ಯದ ವಿಷಯವಲ್ಲ. ಕೋಲ ಕಟ್ಟುವವರು ನಲಿಕೆ, ಪರವ, ಪಂಬದ ಸಮುದಾಯಗಳವರು. ಸಮಾಜವು ಬಹುಕಾಲ ಇವರನ್ನು ಅಂಗಳದಾಚೆ ನಿಲ್ಲಿಸಿತ್ತು. ಅರದಳವು ಮುಖಕ್ಕೇರಿದ ರಾತ್ರಿ ಗುತ್ತಿನ ಯಜಮಾನನು ಕೈಮುಗಿದು ನಿಲ್ಲುತ್ತಾನೆ. ಅವನ ತಪ್ಪನ್ನು ಎತ್ತಿ ಹೇಳುವ ಹಕ್ಕು ಆ ನುಡಿಗೆ ಪ್ರಾಪ್ತವಾಗುತ್ತದೆ. ಬೆಳಗಾದ ಮೇಲೆ ಬಣ್ಣದೊಡನೆ ಆ ಹಕ್ಕೂ ತೊಳೆದುಹೋಗುತ್ತಿತ್ತು. ಹಳದಿಯೆಂದರೆ ಇಂತಹುದು, ಕೆಂಪೆಂದರೆ ಇಂತಹುದು ಎಂದು ಪಟ್ಟಿಮಾಡುವ ವಿಮರ್ಶೆಯಲ್ಲಿ ಈ ಹಕ್ಕಿಗೆ ಎಡೆಯಿಲ್ಲ. ಎಣ್ಣೆಬೂಳ್ಯವೂ ಪಾಡ್ದನವೂ ಇಲ್ಲದೆ ರಂಗದ ಮೇಲೆ ಬಳಿದುಕೊಂಡ ಅರದಳವು ಅದೇ ಬಣ್ಣವಾಗಿ ಕಂಡರೂ ಕರ್ತೃಪದವಿಲ್ಲದ ವಾಕ್ಯದಂತೆ ಅಪೂರ್ಣವಾಗಿಯೇ ಉಳಿಯುತ್ತದೆ.