ಪ್ರಶಸ್ತಿ ಯಾವುದಕ್ಕೆ?

ಸಾಮಾಜಿಕ ಜಾಲತಾಣಗಳನ್ನು ಕಂಪನಿಗಳು ಹೇಗೆ ಬಳಸಿಕೊಂಡವು ಎಂಬುದಕ್ಕೂ ಈಗ ಪ್ರಶಸ್ತಿಗಳಿವೆ. ಜಾಹೀರಾತು ಲೋಕದಲ್ಲಿ ಬಹಳ ಪ್ರತಿಷ್ಠಿತವೆನಿಸಿದ ಫ್ರಾನ್ಸಿನ ಕಾನ್ ಲಯನ್ಸ್ ಉತ್ಸವ 2018ರಲ್ಲಿ ಇದಕ್ಕೆಂದೇ ಒಂದು ವಿಭಾಗ ತೆರೆಯಿತು. ಪ್ರಶಸ್ತಿ ಕೊಡುವುದರಲ್ಲಿ ತಪ್ಪೇನೂ ಇಲ್ಲ. ಏನನ್ನು ನೋಡಿ ಕೊಡುತ್ತಾರೆ ಎಂಬುದೇ ಪ್ರಶ್ನೆ.

ಇಂಥ ಸ್ಪರ್ಧೆಗಳಿಗೆ ಜಾಹೀರಾತು ಸಂಸ್ಥೆ ತನ್ನ ಕೆಲಸದ ಬಗ್ಗೆ ತಾನೇ ಒಂದು ಕಿರುಚಿತ್ರ ತಯಾರಿಸಿ ಕಳಿಸುತ್ತದೆ. ಸಮಸ್ಯೆ ಏನಿತ್ತು, ತಾವೇನು ಮಾಡಿದೆವು, ಎಷ್ಟು ಲಕ್ಷ ಜನ ನೋಡಿದರು, ಎಷ್ಟು ಮಂದಿ ಹಂಚಿಕೊಂಡರು ಎಂಬ ವಿವರ ಅದರಲ್ಲಿರುತ್ತದೆ. ತೀರ್ಪುಗಾರರ ಮನ ಗೆಲ್ಲುವುದು ಬಹುಪಾಲು ಇದೇ ಚಿತ್ರ. ಕಥಾಸ್ಪರ್ಧೆಯಲ್ಲಿ ಕತೆಯನ್ನು ಬದಿಗಿಟ್ಟು, ಕತೆಗಾರನೇ ಬರೆದುಕೊಂಡ ಬೆನ್ನುಡಿ ಓದಿ ಬಹುಮಾನ ಕೊಟ್ಟ ಹಾಗೆ.

ಇದರ ಪರಿಣಾಮ 2016ರ ಜೂನ್‌ನಲ್ಲಿ ಕಂಡಿತು. ಸಿಂಗಾಪುರದ ಗ್ರೇ ಸಂಸ್ಥೆ 'ಐ ಸೀ' ಎಂಬ ಮೊಬೈಲ್ ಆ್ಯಪ್ ತಂದಿತ್ತು. ಉಪಗ್ರಹ ಚಿತ್ರಗಳ ಮೂಲಕ ಮೆಡಿಟರೇನಿಯನ್ ಸಮುದ್ರದ ಒಂದೊಂದು ತುಂಡನ್ನು ಯಾರು ಬೇಕಾದರೂ ಗಮನಿಸಿ, ನಿರಾಶ್ರಿತರ ದೋಣಿ ಕಂಡರೆ ರಕ್ಷಣಾ ತಂಡಕ್ಕೆ ತಿಳಿಸಬಹುದು ಎಂದು ಅದು ಹೇಳಿಕೊಂಡಿತು. ಕಾನ್‌ನಲ್ಲಿ ಅದಕ್ಕೆ ಕಂಚಿನ ಸಿಂಹ ದೊರೆಯಿತು. ತಂತ್ರಜ್ಞರು ಬಿಚ್ಚಿ ನೋಡಿದಾಗ ಅದರಲ್ಲಿದ್ದದ್ದು ಎಲ್ಲರಿಗೂ ಒಂದೇ, ಕದಲದ ಚಿತ್ರ. ಆಪಲ್ ಅದನ್ನು ತನ್ನ ಆ್ಯಪ್ ಅಂಗಡಿಯಿಂದ ತೆಗೆಯಿತು. ಜುಲೈಯಲ್ಲಿ ಗ್ರೇ ಸಂಸ್ಥೆ, ಆ್ಯಪ್ ಅಸಲಿಯೇ ಎನ್ನುತ್ತಲೇ, ಪ್ರಶಸ್ತಿಯನ್ನು ಹಿಂದಿರುಗಿಸಿತು. ಆ ವರ್ಷ ಅದೇ ಸಮುದ್ರದಲ್ಲಿ ಸತ್ತವರು, ಕಾಣೆಯಾದವರು 5 ಸಾವಿರಕ್ಕೂ ಹೆಚ್ಚು.

ಇದು ಜಾಲತಾಣ ವಿಭಾಗದ ಪ್ರಶಸ್ತಿಯಲ್ಲ ನಿಜ. ಆದರೆ ತೀರ್ಪಿನ ಕ್ರಮ ಅದೇ. ಒಂಬತ್ತು ವರ್ಷಗಳ ನಂತರವೂ ಅದು ಸುಧಾರಿಸಿರಲಿಲ್ಲ. 2025ರಲ್ಲಿ ಬ್ರೆಜಿಲ್‌ನ ಡಿಎಂ9 ಸಂಸ್ಥೆ ಗೆದ್ದ ಗ್ರ್ಯಾನ್ ಪ್ರಿ ಕೈತಪ್ಪಿತು. ಸಿಎನ್‌ಎನ್ ಬ್ರೆಜಿಲ್‌ನ ಸುದ್ದಿ ದೃಶ್ಯವನ್ನು ಕೃತಕ ಬುದ್ಧಿಮತ್ತೆಯಿಂದ ತಿದ್ದಿ ಆ ಚಿತ್ರದಲ್ಲಿ ಸೇರಿಸಲಾಗಿತ್ತು. ಆಮೇಲೆ ಉತ್ಸವದವರು ಪರಿಶೀಲನೆಯ ನಿಯಮಗಳನ್ನು ಬಿಗಿ ಮಾಡಿದರು.

ನಿಯಮ ಬಿಗಿಯಾಗಲಿ. ಆದರೆ ಸಾಬೂನಿನ ಜಾಹೀರಾತು ಸುಳ್ಳಾದರೆ ಕೊಂಡವರಿಗೆ ಗೊತ್ತಾಗುತ್ತದೆ. ಅವರು ಇನ್ನೊಮ್ಮೆ ಕೊಳ್ಳುವುದಿಲ್ಲ. ಸಂಕಟದಲ್ಲಿರುವವರ ಹೆಸರಿನಲ್ಲಿ ನಡೆಯುವ ಪ್ರಚಾರಕ್ಕೆ ಆ ತಡೆಯೂ ಇಲ್ಲ. ಮುಳುಗುತ್ತಿರುವವನು ತೀರ್ಪುಗಾರರ ಮುಂದೆ ಸಾಕ್ಷಿ ಹೇಳಲು ಬರಲಾರ. ಆದ್ದರಿಂದ ಇಂಥ ಕೆಲಸಗಳಿಗೆ ಪ್ರಶಸ್ತಿ ಕೊಡುವ ಮೊದಲು, ಎಷ್ಟು ಜನ ನೋಡಿದರು ಎಂದು ಎಣಿಸುವವರು ಎಷ್ಟು ಜನರಿಗೆ ನೆರವಾಯಿತು ಎಂದೂ ಹೊರಗಿನವರಿಂದ ಕೇಳಿ ತಿಳಿಯಬೇಕು. ಉತ್ತರ ಸಿಗದಿದ್ದರೆ ಆ ವರ್ಷ ಪ್ರಶಸ್ತಿಯನ್ನು ಖಾಲಿ ಬಿಡಲಿ. ಯಾರಿಗೂ ನಷ್ಟವಿಲ್ಲ.