‘ಆಪ್ತಮಿತ್ರ’ದ ಬೀಗದ ಕೋಣೆ

2004ರ ಆಗಸ್ಟ್‌ನಲ್ಲಿ ತೆರೆಕಂಡ ‘ಆಪ್ತಮಿತ್ರ’ವನ್ನು ತಮ್ಮಲ್ಲಿ ಅನೇಕರು ಚಿತ್ರಮಂದಿರದಲ್ಲಿಯೇ ನೋಡಿರಬಹುದು, ಉಳಿದವರು ಟಿ.ವಿ.ಯಲ್ಲಿ ಹಲವು ಬಾರಿ ನೋಡಿರುತ್ತೀರಿ. ಮನೆಮಂದಿಯೆಲ್ಲ ಕೂಡಿ ನೋಡುವ ಈ ಚಿತ್ರ ಮಕ್ಕಳಿಗೆ ಏನನ್ನು ಕಲಿಸುತ್ತದೆ, ದೆವ್ವದ ಭಯವನ್ನೋ, ಮನೋರೋಗದ ಅರಿವನ್ನೋ? ಎರಡನ್ನೂ ಕಲಿಸುತ್ತದೆ ಎಂಬುದೇ ನನ್ನ ತಕರಾರು.

ಕಥೆ ತಮಗೆ ತಿಳಿದದ್ದೇ. ಹಳೆಯ ಅರಮನೆ, ಬೀಗ ಹಾಕಿದ ಕೋಣೆ, ಅದನ್ನು ತೆರೆಯುವ ಗಂಗಾ, ಬಳಿಕ ಅವಳಲ್ಲಿ ಕಾಣಿಸಿಕೊಳ್ಳುವ ನಾಗವಲ್ಲಿಯೆಂಬ ನರ್ತಕಿ. ಮಧು ಮುಟ್ಟಂ ಕಥೆ ಬರೆದು ಫಾಜಿಲ್ ನಿರ್ದೇಶಿಸಿದ 1993ರ ಮಲಯಾಳ ಚಿತ್ರ ‘ಮಣಿಚಿತ್ರತಾಳು’ ಇದರ ಮೂಲ. ಕನ್ನಡಕ್ಕೆ ತಂದವರು ನಿರ್ದೇಶಕ ಪಿ. ವಾಸು, ನಿರ್ಮಾಪಕ ದ್ವಾರಕೀಶ್.

ಚಿತ್ರದ ನಿಜವಾದ ಶಕ್ತಿ ಸೌಂದರ್ಯ. ಅದೇ ವರ್ಷದ ಏಪ್ರಿಲ್ 17ರಂದು ವಿಮಾನಾಪಘಾತದಲ್ಲಿ ಮಡಿದ ಆಕೆ ಚಿತ್ರದ ಯಶಸ್ಸನ್ನು ಕಾಣಲಿಲ್ಲ. ಸೌಮ್ಯವಾಗಿ ಮಾತನಾಡುತ್ತಿದ್ದ ಹೆಂಡತಿಯ ಕಣ್ಣು, ದನಿ ಒಂದೇ ಕ್ಷಣದಲ್ಲಿ ಬದಲಾಗಿ, ಬಾಯಿಂದ ತೆಲುಗು ಹೊರಡುತ್ತದೆ. ಕಾರ್ಖಾನೆಗಳ ನಿಮಿತ್ತ ನಾನಾ ಭಾಷೆಯ ಕುಟುಂಬಗಳು ಬಂದು ನೆಲೆಸಿದ ನಮ್ಮ ಭದ್ರಾವತಿಯಲ್ಲಿ ತೆಲುಗು ಯಾರನ್ನೂ ಹೆದರಿಸದು. ಆದರೂ ‘ರಾ ರಾ’ ಹಾಡಿನಲ್ಲಿ ನಾವು ನಡುಗುತ್ತೇವೆ. ಮನೆಯ ಜೀವವೊಂದು ಮನೆಯವರಿಗೇ ಅಪರಿಚಿತವಾಗುವುದನ್ನು ನೋಡುತ್ತಿದ್ದೇವಲ್ಲ, ಅದಕ್ಕೆ.

ಇನ್ನೊಂದು ಹೆಚ್ಚುಗಾರಿಕೆಯಿದೆ. ವಿಷ್ಣುವರ್ಧನ್ ಅಭಿನಯಿಸಿದ ಮನೋವೈದ್ಯ ವಿಜಯ್ ಇದನ್ನು ಕಾಯಿಲೆಯೆಂದೇ ಹೇಳುತ್ತಾನೆ. ಅವಿನಾಶ್ ಅವರ ಆಚಾರ್ಯ ಪಾತ್ರ ವೈದ್ಯನೊಡನೆ ಜಗಳಕ್ಕಿಳಿಯದೆ ಕೈಜೋಡಿಸುತ್ತದೆ. ದೆವ್ವ ಬಿಡಿಸುವ ವಿಧಿಯನ್ನು 1999ರಲ್ಲಿ ಪರಿಷ್ಕರಿಸಿದಾಗ ನಮ್ಮ ಧರ್ಮಸಭೆಯೂ ಮನೋರೋಗವನ್ನು ಪಿಶಾಚಬಾಧೆಯೆಂದು ತಿಳಿಯಬಾರದೆಂದು ಗುರುಗಳನ್ನು ಎಚ್ಚರಿಸಿತು. ಆದರೂ ಮಗಳ ಮಾತು ತಪ್ಪಿದೊಡನೆ ವೈದ್ಯರ ಬಾಗಿಲಿಗಿಂತ ಮೊದಲು ಮಂತ್ರಿಸುವವರ ಬಾಗಿಲು ತಟ್ಟುವ ಮನೆಗಳು ನಮ್ಮ ಧರ್ಮಕೇಂದ್ರಗಳಲ್ಲಿ ಇಲ್ಲವೆನ್ನುವಂತಿಲ್ಲ.

ಇಷ್ಟು ಒಳ್ಳೆಯ ಕೆಲಸ ಮಾಡಿದ ಚಿತ್ರ ತಾನೇ ಅದನ್ನು ಕೆಡಿಸಿಕೊಳ್ಳುತ್ತದೆ. ರಹಸ್ಯ ಕಾಯಲೆಂದು ಸಂಶಯವನ್ನೆಲ್ಲ ಪ್ರೇಮಾ ಅಭಿನಯಿಸಿದ ಸೌಮ್ಯಳ ಮೇಲೆ ಹೊರಿಸುತ್ತದೆ. ನಿರಪರಾಧಿ ಹುಡುಗಿಯನ್ನು ನಾವೂ ಭಯದಿಂದ ನೋಡುತ್ತೇವೆ. ಆ ತಪ್ಪುನೋಟಕ್ಕಾಗಿ ಚಿತ್ರ ನಮ್ಮನ್ನು ನಾಚಿಸುವುದಿಲ್ಲ. ಹಾಸ್ಯ ಅತಿಯಾಗಿ ಎಳೆದಾಡಿದೆ, ಅದಿರಲಿ. ಮೂಲದ ಗಂಗಾಳಿಗೆ ತಂದೆತಾಯಿ ಕಲ್ಕತ್ತೆಯಲ್ಲಿರುವಾಗ ಅಜ್ಜಿಯ ಬಳಿ ಬೆಳೆದ ಬಾಲ್ಯವೊಂದಿತ್ತು. ರೋಗದ ಬೇರು ಅಲ್ಲಿತ್ತು. ಕನ್ನಡದಲ್ಲಿ ಆ ಬೇರಿಗಿಂತ ಅರಮನೆಯ ಗೆಜ್ಜೆಸದ್ದೇ ಜೋರು.

ಮನಸ್ಸಿನ ಕಥೆಗೆ ಗೆಜ್ಜೆಸದ್ದು ಬೇಕೇಬೇಕೆಂದಿಲ್ಲ. ನಮ್ಮ ಶಿವಮೊಗ್ಗದ ಮನೋವೈದ್ಯ, 2016ರಲ್ಲಿ ನಿಧನರಾದ ಡಾ. ಅಶೋಕ್ ಪೈ ಅವರು ಸುರೇಶ್ ಹೆಬ್ಳೀಕರ್ ಅವರೊಡಗೂಡಿ ರೂಪಿಸಿದ ‘ಕಾಡಿನ ಬೆಂಕಿ’ (1988) ದೆವ್ವದ ನೆರವಿಲ್ಲದೆ ಅದನ್ನು ಸಾಧಿಸಿತ್ತು.

ಎಲ್ಲಕ್ಕಿಂತ ದೊಡ್ಡ ಕೊರತೆ ಕೊನೆಯಲ್ಲಿದೆ. ರಾಜನನ್ನು ಕೊಂದೆನೆಂದು ನಾಗವಲ್ಲಿ ನಂಬುವಂತೆ ಬೊಂಬೆಯನ್ನಿಟ್ಟು ಆಟ ಹೂಡಿದೊಡನೆ, ಒಂದೇ ರಾತ್ರಿಯಲ್ಲಿ ಗಂಗಾ ಗುಣಮುಖಳಾಗುತ್ತಾಳೆ! ವರ್ಷಗಟ್ಟಲೆ ಮಾತ್ರೆ ಎಣಿಸಿಕೊಡುತ್ತಿರುವ ತಾಯಂದಿರು ಇದನ್ನು ನೋಡಿ ಏನೆಂದುಕೊಂಡಾರು? ಪುಟ್ಟಣ್ಣ ಕಣಗಾಲರು 1970ರ ದಶಕದ ಆರಂಭದಲ್ಲಿ ತ್ರಿವೇಣಿಯವರ ಕಾದಂಬರಿಯಿಂದ ತೆಗೆದ ‘ಶರಪಂಜರ’ವನ್ನು ಒಮ್ಮೆ ಇದರೊಡನೆ ಇಟ್ಟು ನೋಡಿ. ಅಲ್ಲಿ ಕಲ್ಪನಾ ಅವರ ಕಾವೇರಿ ಚಿಕಿತ್ಸೆ ಮುಗಿಸಿ ಮನೆಗೆ ಮರಳಿದ ಮೇಲೆಯೇ ಭಯ ಹೆಚ್ಚುವುದು. ಅಕ್ಕಪಕ್ಕದವರ ಪಿಸುಮಾತು, ಗಂಡನ ತಣ್ಣನೆಯ ನಡೆ, ಇವುಗಳ ನಡುವೆ ಅವಳು ಮತ್ತೆ ಕುಸಿಯುತ್ತಾಳೆ. ‘ಆಪ್ತಮಿತ್ರ’ದ ಗಂಗಾ ಮರುದಿನ ಬೆಳಗ್ಗೆ ಆ ಮನೆಯವರ ಮುಖವನ್ನು ಹೇಗೆ ನೋಡಿದಳು, ಅವರು ಅವಳ ಮುಖವನ್ನು ಹೇಗೆ ನೋಡಿದರು ಎಂಬುದನ್ನು ಚಿತ್ರ ತೋರಿಸುವುದೇ ಇಲ್ಲ.