ಪದವಿ ತರಗತಿಯ ಕಾವ್ಯರಚನೆ ಮತ್ತು ಕವಿರಾಜಮಾರ್ಗ

ಕಾವ್ಯರಚನೆಯನ್ನು ಕಲಿಸಬಹುದೇ ಎಂಬ ಪ್ರಶ್ನೆ ಇಂದಿನದಲ್ಲ. ಸಹಜವಾದ ಪ್ರತಿಭೆ, ನಿರ್ಮಲವಾದ ವ್ಯಾಸಂಗ, ಎಡೆಬಿಡದ ಅಭ್ಯಾಸ ಈ ಮೂರನ್ನೂ ಕಾವ್ಯಕ್ಕೆ ಕಾರಣವೆಂದು ಹೇಳಿದ ದಂಡಿಯು ಅಲ್ಲಿಗೇ ನಿಲ್ಲದೆ, ಪ್ರತಿಭೆ ಸಾಲದವನಿಗೂ ಓದು ಮತ್ತು ಯತ್ನಗಳಿಂದ ವಾಗ್ದೇವಿಯು ಕೊಂಚವಾದರೂ ಒಲಿಯುವಳೆಂದು ಸೇರಿಸಿದನು. ‘ಸೃಜನಶೀಲ ಬರವಣಿಗೆ’ಯೆಂಬ ಹೆಸರಿನಿಂದ ಪದವಿ ತರಗತಿಗಳಿಗೆ ಬಂದಿರುವ ವಿಷಯಕ್ಕೆ ಇದಕ್ಕಿಂತ ಉದಾರವಾದ ಸಮರ್ಥನೆ ಬೇಕಿಲ್ಲ. ಆದರೆ ಆ ವಿಷಯ ಬಂದ ದಾರಿ ಬೇರೆ. ಅಮೆರಿಕದ ಹಾರ್ವರ್ಡಿನಲ್ಲಿ ಬ್ಯಾರೆಟ್ ವೆಂಡೆಲ್ 1880ರ ದಶಕದಲ್ಲಿ ಪದವಿ ವಿದ್ಯಾರ್ಥಿಗಳಿಂದ ದಿನಕ್ಕೊಂದು ಕಿರುಬರಹವನ್ನು ಬರೆಸತೊಡಗಿದನು. ಅಯೋವಾ ವಿಶ್ವವಿದ್ಯಾಲಯದ ಲೇಖಕರ ಕಮ್ಮಟ 1936ರಲ್ಲಿ ಆರಂಭವಾಯಿತು. ಭಾರತದಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗದ 2015ರ ಮಾದರಿ ಪಠ್ಯಕ್ರಮವು ಇಂಗ್ಲಿಷ್ ಆನರ್ಸ್ ವಿದ್ಯಾರ್ಥಿಗಳ ಕೌಶಲ ವಿಷಯಗಳಲ್ಲಿ ಇದಕ್ಕೂ ಎಡೆ ಕೊಟ್ಟಿತು.

ಕನ್ನಡದ ವಿದ್ಯಾರ್ಥಿಯ ಕೈಯಲ್ಲಿ ಇದಕ್ಕೆ ಸಾವಿರ ವರ್ಷಕ್ಕೂ ಹಿಂದಿನ ಪಠ್ಯಪುಸ್ತಕವೊಂದಿದೆ. ಅದು ಪಠ್ಯಪುಸ್ತಕವೆಂಬುದು ಮಾತ್ರ ಅವನಿಗೆ ತಿಳಿದಿರುವುದಿಲ್ಲ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವನ್ನು ಅವನು ಪರೀಕ್ಷೆಗಾಗಿ ಓದುತ್ತಾನೆ: ಕರ್ತೃ ನೃಪತುಂಗನೋ ಶ್ರೀವಿಜಯನೋ, ನಾಡಿನ ಎಲ್ಲೆ ಕಾವೇರಿಯಿಂದ ಎಲ್ಲಿಯವರೆಗೆ, ಕೆ. ಬಿ. ಪಾಠಕರು ಅದನ್ನು ಪ್ರಕಟಿಸಿದ ವರ್ಷ (1898) ಯಾವುದು. ಇವು ಬೇಕಾದ ವಿಷಯಗಳೇ. ಆದರೆ ಗ್ರಂಥಕಾರನು ಬರೆದದ್ದು ಇತಿಹಾಸಕಾರನಿಗಾಗಿ ಅಲ್ಲ, ಬರೆಯಹೊರಟವನಿಗಾಗಿ. ದೋಷಗಳನ್ನು ವಿವರಿಸುವ ಮೊದಲ ಪರಿಚ್ಛೇದದಲ್ಲಿ ಅವನು ಕೆಟ್ಟ ಪದ್ಯವನ್ನು ಮುಂದಿಟ್ಟು, ಅದು ಎಲ್ಲಿ ಕೆಟ್ಟಿತೆಂದು ತೋರಿಸಿ, ಅದೇ ಪದ್ಯವನ್ನು ತಿದ್ದಿ ಮತ್ತೆ ಕೊಡುತ್ತಾನೆ. ಸಂಸ್ಕೃತ ಕನ್ನಡಗಳನ್ನು ಅರಿಯದೆ ಸಮಾಸದಲ್ಲಿ ಬೆರಸಿದರೆ ಕಾಯುವ ಹಾಲಿಗೆ ಮಜ್ಜಿಗೆಯ ಹನಿ ಬಿದ್ದಂತಾಗುವುದೆಂದು ಹೇಳುವಾಗ ಅವನು ಕೊಡುವುದು ಸೂತ್ರವನ್ನಲ್ಲ, ಅಡುಗೆಮನೆಯ ಅನುಭವವನ್ನು. ಹಾಲು ಒಡೆದುದನ್ನು ಕಂಡವನಿಗೆ ಬೇರೆ ವ್ಯಾಖ್ಯಾನ ಬೇಕಾಗದು.

ಆ ನಿಯಮವೇ ಇಂದಿಗೆ ಬದ್ಧವೆಂದು ಇದರ ಅರ್ಥವಲ್ಲ. ವಚನಕಾರರು ಎರಡು ನುಡಿಗಳನ್ನೂ ತಮಗೆ ಬೇಕಾದಂತೆ ಬೆರಸಿದರು, ಹಾಲು ಒಡೆಯಲಿಲ್ಲ. ಗ್ರಾಹ್ಯವಾದುದು ಕ್ರಮ: ಓದಿದುದನ್ನು ತಿದ್ದಿ ನೋಡುವುದು, ತಿದ್ದಿದುದಕ್ಕೆ ಕಾರಣ ಹೇಳುವುದು. ಪದವಿ ತರಗತಿಯಲ್ಲಿ ಓದು ಒಂದು ಗಂಟೆಗೆ, ಬರವಣಿಗೆ ಇನ್ನೊಂದು ಗಂಟೆಗೆ ಎಂದು ಬೇರ್ಪಟ್ಟಿದೆ. ಒಂದರಲ್ಲಿ ಪಂಪನ ವಿಷಯವಾಗಿ ಟಿಪ್ಪಣಿ ಬರೆದವನು ಇನ್ನೊಂದರಲ್ಲಿ ‘ಮಳೆ’ ಎಂಬ ವಿಷಯದ ಮೇಲೆ ಕವಿತೆ ಕಟ್ಟುತ್ತಾನೆ. ಮೊದಲನೆಯದರ ನೆರಳೂ ಎರಡನೆಯದರ ಮೇಲೆ ಬೀಳುವುದಿಲ್ಲ.

ಈ ಬೇರ್ಪಡಿಕೆಯ ಫಲ ಅತ್ಯಂತ ಸ್ಪಷ್ಟವಾಗಿ ಕಾಣುವುದು ‘ಆಧುನಿಕ ವಚನ’ಗಳಲ್ಲಿ. ಛಂದಸ್ಸಿನ ಕಟ್ಟಿಲ್ಲವೆಂಬ ಧೈರ್ಯದಿಂದ ವಿದ್ಯಾರ್ಥಿಯು ಗದ್ಯವನ್ನು ತುಂಡು ಮಾಡಿ, ಕೊನೆಯಲ್ಲೊಂದು ಅಂಕಿತವನ್ನು ಅಂಟಿಸುತ್ತಾನೆ. ಅಂಕಿತವನ್ನು ಅವನು ಕಾವ್ಯನಾಮವೆಂದು ಭಾವಿಸಿರುತ್ತಾನೆ. ಬಸವಣ್ಣನವರ ವಚನವೊಂದರಿಂದ ‘ಕೂಡಲಸಂಗಮದೇವ’ ಎಂಬ ಮಾತನ್ನು ತೆಗೆದು ಓದಿಸಿದರೆ ಸಾಕು: ಮಾತಿಗೆ ಕಿವಿಗೊಟ್ಟವನು ಇಲ್ಲವಾಗುತ್ತಾನೆ, ನಿವೇದನೆ ಬರಿಯ ಹೇಳಿಕೆಯಾಗುತ್ತದೆ. ಅಲ್ಲಮನ ‘ಗುಹೇಶ್ವರ’ ಬಿನ್ನಹಕ್ಕಿಂತ ಹೆಚ್ಚಾಗಿ ಸಾಕ್ಷಿಯಂತೆ ನಿಲ್ಲುತ್ತದೆ. ಸಮಾನವಾಕ್ಯಗಳು ಒಂದರ ಮೇಲೊಂದು ಏರಿ ಕೊನೆಯ ತಿರುವಿಗೆ ಬರುವ ರೀತಿ, ಲಯ, ನಿಲುಗಡೆ, ಇವೆಲ್ಲ ಕಟ್ಟಿನ ವಿಷಯಗಳೇ. ಇದನ್ನು ತೋರಿಸದೆ ಅಂಕ ಕೊಟ್ಟ ಅಧ್ಯಾಪಕನ ಹೊಣೆ ವಿದ್ಯಾರ್ಥಿಯದಕ್ಕಿಂತ ದೊಡ್ಡದು.

ಓದು ರಚನೆಯಾಗುವುದೆಂದರೇನೆಂಬುದಕ್ಕೆ ಶೂನ್ಯಸಂಪಾದನೆಗಿಂತ ಒಳ್ಳೆಯ ನಿದರ್ಶನ ದುರ್ಲಭ. ಶಿವಗಣಪ್ರಸಾದಿ ಮಹಾದೇವಯ್ಯ ಮೊದಲಾದ ಸಂಕಲನಕಾರರು ಬಿಡಿವಚನಗಳನ್ನು ಆಯ್ದು, ಪ್ರಶ್ನೋತ್ತರವಾಗಿ ಹೊಂದಿಸಿ, ನಡುವೆ ತಮ್ಮ ಗದ್ಯವನ್ನಿಟ್ಟು ಶರಣರ ಸಂವಾದವನ್ನು ಕಟ್ಟಿದರು. ಯಾವ ವಚನ ಯಾವುದಕ್ಕೆ ಉತ್ತರವಾದೀತೆಂದು ಕಾಣುವುದೇ ವಿಮರ್ಶೆ. ಇಟ್ಟು ತೋರಿಸುವುದು ಸೃಷ್ಟಿ. ಪದವಿ ವಿದ್ಯಾರ್ಥಿಗೆ ಹತ್ತು ವಚನಗಳನ್ನು ಕೊಟ್ಟು ಹೀಗೊಂದು ಸಂವಾದವನ್ನು ಹೊಂದಿಸೆಂದರೆ, ಅವನ ಓದೂ ಬರಹವೂ ಒಟ್ಟಿಗೇ ಪರೀಕ್ಷೆಗೊಳಗಾಗುತ್ತವೆ.

ಓದಿಲ್ಲದೆಯೂ ಕಾವ್ಯಪ್ರಯೋಗದಲ್ಲಿ ನುರಿತವರು ಈ ನಾಡಿನ ಜನ ಎಂದು ಮಾರ್ಗಕಾರನೇ ಹೇಳಿರುವಾಗ ತರಗತಿಯೇಕೆ ಎಂಬ ಆಕ್ಷೇಪ ಬರಬಹುದು. ಆಯ್ದಕ್ಕಿ ಲಕ್ಕಮ್ಮ, ನುಲಿಯ ಚಂದಯ್ಯ ಯಾವ ಪಾಠಶಾಲೆಯಲ್ಲಿ ಕಲಿತರು? ಆದರೆ ಆ ಮಾತನ್ನಾಡಿದವನೇ ಮೂರು ಪರಿಚ್ಛೇದಗಳ ಲಕ್ಷಣಗ್ರಂಥವನ್ನು ಬರೆದನೆಂಬುದನ್ನು ಮರೆಯಲಾಗದು. ಶರಣರಿಗಾದರೋ ಆಡಿದ ಮಾತನ್ನು ಕೇಳಿ ಮರುಪ್ರಶ್ನೆ ಹಾಕುವ ಗೋಷ್ಠಿಯಿತ್ತು. ಮೂರು ಗಂಟೆಯ ಪರೀಕ್ಷಾಕೊಠಡಿಯಲ್ಲಿ ಅಂತಹ ಮರುಪ್ರಶ್ನೆಗೆ ಎಡೆಯಿಲ್ಲ. ಆದುದರಿಂದ ಕೊಟ್ಟ ವಿಷಯದ ಮೇಲೆ ಕವಿತೆ ಬರೆಸಿ ಅಂಕವಿಡುವ ಬದಲು, ವಿದ್ಯಾರ್ಥಿಯು ವರ್ಷದಲ್ಲಿ ಬರೆದ ಮೊದಲ ಕರಡು, ತಿದ್ದಿದ ಪ್ರತಿ, ಎರಡರ ನಡುವಣ ವ್ಯತ್ಯಾಸಕ್ಕೆ ಅವನೇ ಕೊಡುವ ಕಾರಣ, ಈ ಮೂರನ್ನೂ ಒಟ್ಟಿಗೆ ಇರಿಸಿ ಬೆಲೆಕಟ್ಟುವುದು ಮಾರ್ಗಕಾರನ ಕ್ರಮಕ್ಕೆ ಹತ್ತಿರವಾದೀತು.